ಮೌನದ ಜಾಗದಲ್ಲಿ ಬಿದ್ದ ಚಪ್ಪಾಳೆ

2024ರ ಜನವರಿಯ ಮೊದಲ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಯಲಹಂಕ ಹಳೆಯ ಊರಿನ ಒಂದು ಕಲ್ಯಾಣ ಮಂಟಪದಲ್ಲಿ ‘ಕೋಡಿ’ ಎಂಬ ರಾಕ್ ತಂಡ ತನ್ನ ಮೊದಲ ಲೈವ್ ಆಲ್ಬಮ್ಮಿಗಾಗಿ ಕಾರ್ಯಕ್ರಮ ಕೊಟ್ಟಿತು. ತಂಡದಲ್ಲಿ ಡ್ರಮ್ಸ್ ನುಡಿಸುವ ಭೂಮಿಕಾ ನನ್ನ ಮಗಳು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದ ನಾಗರಾಜ ನನ್ನ ಮೈದುನ, ಅಂದರೆ ಅವಳ ಚಿಕ್ಕಪ್ಪ.

ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮನೆಯವರ ವಿಷಯ ಪತ್ರಿಕೆಗೆ ಬರೆಯಬಾರದು ಎಂದು ನನಗೆ ನಾನೇ ಹಾಕಿಕೊಂಡಿದ್ದ ನಿಯಮವನ್ನು ಇದೊಂದು ಸಲ ಮುರಿಯುತ್ತಿದ್ದೇನೆ. ಅಂದು ನಡೆದದ್ದು ಊರಿನಲ್ಲಿ ಬೇರೆ ಬೇರೆ ರೀತಿ ಪ್ರಚಾರವಾಗಿರುವುದರಿಂದ, ಎದುರಿಗಿದ್ದವಳಾಗಿ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ನಾಗರಾಜನದು ಶಾಮಿಯಾನದ ಅಂಗಡಿ. ಮದುವೆ, ಗೃಹಪ್ರವೇಶ, ರಾಜ್ಯೋತ್ಸವಗಳಿಗೆ ಪೆಂಡಾಲು, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಾನೆ. ಹಳೆಯ ಊರಿನಲ್ಲಿ ಅವನನ್ನು ಎಲ್ಲರೂ ನಾಗಣ್ಣ ಎನ್ನುತ್ತಾರೆ. ಅವನಿಗೆ ಇನ್ನೊಂದು ಹೆಸರೂ ಇದೆ, ಚಪ್ಪಾಳೆ ನಾಗಣ್ಣ. ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಹಾಡು ಮುಗಿದ ಕೂಡಲೇ ಜನ ಚಪ್ಪಾಳೆ ಹೊಡೆಯುವುದಿಲ್ಲ, ಯಾರಾದರೂ ಶುರು ಮಾಡಲಿ ಎಂದು ಕಾಯುತ್ತಾರೆ. ಆ ಖಾಲಿ ಕ್ಷಣದಲ್ಲಿ ವೇದಿಕೆಯ ಮೇಲಿರುವ ಕಲಾವಿದನ ಮುಖ ಸಣ್ಣದಾಗುತ್ತದೆ. ನಾಗರಾಜ ಅದನ್ನು ಸಹಿಸಲಾರ. ಕುರ್ಚಿ ಹಾಕಿಸಿದವನಿಗೆ ಕೂತವರ ಮರ್ಯಾದೆಯೂ ಸೇರಿದ್ದು ಎನ್ನುವುದು ಅವನ ಲೆಕ್ಕ. ಹಾಗಾಗಿ ಅವನೇ ಶುರು ಮಾಡುತ್ತಾನೆ. ಎರಡು ಹಲಗೆ ಬಡಿದಂಥ ಸದ್ದು. ಅದು ಬಿದ್ದ ಮೇಲೆ ಇಡೀ ಸಭೆ ಹಿಂದೆಯೇ ಬರುತ್ತದೆ. ಇದು ಎಷ್ಟು ವರ್ಷದ ಅಭ್ಯಾಸವೆಂದರೆ, ಈಗ ಯಲಹಂಕದ ಜನ ಹಾಡು ಮುಗಿದರೆ ವೇದಿಕೆಯನ್ನು ನೋಡುವುದಿಲ್ಲ, ನಾಗರಾಜನ ಕೈ ನೋಡುತ್ತಾರೆ.

ಭೂಮಿಕಾ ಡ್ರಮ್ಸ್ ಕಲಿಯಲು ಹೊರಟಾಗ ನಾವು ಯಲಹಂಕ ನ್ಯೂ ಟೌನಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕೆಳಗಿನ ಮನೆಯವರು ಒಂದು ವಾರ ತಡೆದುಕೊಂಡರು, ಆಮೇಲೆ ಮೇಲೆ ಬಂದರು. ಆಗ ನಾಗರಾಜ ತನ್ನ ಗೋಡೌನಿನ ಒಂದು ಮೂಲೆ ಬಿಟ್ಟುಕೊಟ್ಟ. ಸುತ್ತಲೂ ಶಾಮಿಯಾನದ ಬಟ್ಟೆಯ ದೊಡ್ಡ ದೊಡ್ಡ ಗಂಟುಗಳು, ಸದ್ದು ಹೊರಗೆ ಹೋಗುತ್ತಿರಲಿಲ್ಲ.

“ಬಡಿ ಕಣಮ್ಮ, ಎಷ್ಟ್ ಬೇಕಾದ್ರೂ ಬಡಿ. ಇಲ್ಲಿರೋದೆಲ್ಲ ಪಾತ್ರೆ, ಒಂದೂ ಕಂಪ್ಲೇಂಟ್ ಮಾಡಲ್ಲ” ಎಂದಿದ್ದ.

ಮಗಳು ಬಾರಿಸುವಾಗ ಪಕ್ಕದಲ್ಲೇ ಅವನ ಕೆಲಸಗಾರರು ಕಬ್ಬಿಣದ ಮಡಿಸುವ ಕುರ್ಚಿಗಳನ್ನು ಎತ್ತಿ ಜೋಡಿಸುತ್ತಿದ್ದರು. ಭೂಮಿಕಾಗೆ ಏಳು ಮಾತ್ರೆಯ ತಾಳ ಬಹಳ ಇಷ್ಟ: ಮೊದಲು ಮೂರು, ಆಮೇಲೆ ಎರಡು, ಮತ್ತೆ ಎರಡು. ಅವಳು ಅದನ್ನೇ ತಿಂಗಳುಗಟ್ಟಲೆ ಬಾರಿಸಿದಳು. ಕೆಲಸಗಾರರ ಕೈ ತಾನಾಗಿಯೇ ಅದಕ್ಕೆ ಕೂಡಿಕೊಂಡಿತು. ನಾಗರಾಜ ಅದಕ್ಕೆ ಮಾತು ಹಾಕಿದ: “ಎತ್ತಿಕೋ, ಮಡ್ಚು, ಜೋಡ್ಸು. ಎತ್ತಿಕೋ, ಮಡ್ಚು, ಜೋಡ್ಸು.” ಮೂರು, ಎರಡು, ಎರಡು. ಗೋಡೌನಿನಲ್ಲಿ ಇವತ್ತಿಗೂ ಕುರ್ಚಿ ಕೆಲಸ ನಡೆಯುವುದು ಅದೇ ಲಯದಲ್ಲಿ. ಅವನಿಗೆ ಅದು ತಾಳವೆಂದು ಗೊತ್ತಿರಲಿಲ್ಲ, ಕೆಲಸ ಬೇಗ ಆಗುತ್ತದೆಂದು ಮಾತ್ರ ಗೊತ್ತಿತ್ತು.

‘ಕೋಡಿ’ ತಂಡದಲ್ಲಿ ನಾಲ್ವರು. ಭೂಮಿಕಾ, ಇಬ್ಬರು ಗಿಟಾರಿನ ಹುಡುಗರು, ಮತ್ತು ಆರ್.ಟಿ. ನಗರದ ಆರಿಫ್. ಆರಿಫ್ ಕೀಬೋರ್ಡ್ ನುಡಿಸುತ್ತಾನೆ, ಸಂಗೀತ ಕಟ್ಟುವವನೂ ಅವನೇ. ಇವರದು ಪ್ರೋಗ್ರೆಸಿವ್ ರಾಕ್. ಹಾಗೆಂದರೆ ಏನು ಎಂದು ಮನೆಯಲ್ಲಿ ಎಲ್ಲರೂ ಕೇಳಿದಾಗ ಭೂಮಿಕಾ, “ಮಾಮೂಲಿ ಹಾಡು ನಾಲ್ಕು ನಿಮಿಷಕ್ಕೆ ಮುಗಿದುಹೋಗತ್ತೆ. ನಮ್ದು ಇಪ್ಪತ್ತು ನಿಮಿಷ ಆದ್ರೂ ನಡೆಯತ್ತೆ. ತಾಳ ಬದಲಾಗತ್ತೆ, ರಾಗ ಬದಲಾಗತ್ತೆ, ಒಂದು ಕಥೆ ಥರ” ಎಂದು ವಿವರಿಸಿದಳು.

“ಅಂದ್ರೆ ಅದು ಹಾಡಲ್ಲ, ಬಸ್ಸು” ಎಂದ ನಾಗರಾಜ. “ಯಶವಂತಪುರದಲ್ಲಿ ಹತ್ತಿ ಯಲಹಂಕದಲ್ಲಿ ಇಳಿಯೋ ಹೊತ್ಗೆ ಒಂದ್ ಹಾಡು.”

ತಂಡದ ಅತಿ ದೊಡ್ಡ ರಚನೆಯ ಹೆಸರು ‘ಕೆರೆ’. ಮಳೆ ಬರುವುದು ಮೊದಲ ಭಾಗ, ಕೆರೆ ತುಂಬುವುದು ಎರಡನೆಯದು, ಕೋಡಿ ಬಿದ್ದು ನೀರು ಹೊರಗೆ ಹರಿಯುವುದು ಮೂರನೆಯದು. ಎರಡು ಮತ್ತು ಮೂರನೆಯ ಭಾಗದ ನಡುವೆ ಆರಿಫ್ ಒಂದು ದೀರ್ಘ ಮೌನ ಇಟ್ಟಿದ್ದ. ನಾಲ್ವರೂ ಕೈ ನಿಲ್ಲಿಸಿ ಕಲ್ಲಿನ ಹಾಗೆ ನಿಲ್ಲಬೇಕು.

“ತುಂಬಿದ ಕೆರೆ ಕೋಡಿ ಬೀಳೋಕೆ ಮುಂಚೆ ಒಂದು ಕ್ಷಣ ನೀರು ಅಲ್ಲಾಡಲ್ಲ ಆಂಟಿ. ಇಡೀ ಹಾಡು ಇರೋದು ಆ ಕ್ಷಣಕ್ಕೋಸ್ಕರ” ಎಂದು ಅವನು ನನಗೆ ಹೇಳಿದ್ದ.

ಈ ರಚನೆಯನ್ನು ಜನರ ಎದುರಿಗೆ ನುಡಿಸಿ, ಹಾಗೆಯೇ ಧ್ವನಿಮುದ್ರಿಸಿ, ಲೈವ್ ಆಲ್ಬಮ್ಮಾಗಿ ಬಿಡುಗಡೆ ಮಾಡಬೇಕೆಂಬುದು ಅವರ ಆಸೆ. ಅನೇಕ ಲೈವ್ ಆಲ್ಬಮ್ಮುಗಳಲ್ಲಿ ತಪ್ಪಾದ ಜಾಗಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಸರಿ ಮಾಡುತ್ತಾರಂತೆ. ಇವರು ಹಾಗೆ ಮಾಡಬಾರದೆಂದು ಮೊದಲೇ ಮಾತಾಡಿಕೊಂಡಿದ್ದರು. ಎರಡು ಸಲ ಪ್ರಯತ್ನವೂ ಆಗಿತ್ತು. ಮೊದಲನೆಯದು ಹೆಬ್ಬಾಳದ ಹತ್ತಿರದ ಒಂದು ರೆಸ್ಟೋರೆಂಟಿನಲ್ಲಿ. ಆ ಮೌನದ ನಟ್ಟನಡುವೆ ಯಾರೋ, “ಗುರು, ಇನ್ನೊಂದು ಪ್ಲೇಟ್ ಗೋಬಿ” ಎಂದದ್ದು ಸ್ಪಷ್ಟವಾಗಿ ಮುದ್ರಣವಾಗಿದೆ. ಎರಡನೆಯದು ಒಂದು ಕಾಲೇಜಿನ ಬಯಲಿನಲ್ಲಿ. ಅಂದು ಯಲಹಂಕ ವಾಯುನೆಲೆಯ ವಿಮಾನ ಮೌನದ ಮೇಲೆಯೇ ಹಾದುಹೋಯಿತು.

ಮೂರನೆಯ ಸಲ ದಾರಿ ತೋರಿಸಿದವನು ನಾಗರಾಜ. “ಧನುರ್ಮಾಸದಲ್ಲಿ ಮದ್ವೆ ಇಲ್ಲ, ಮಂಟಪ ಎಲ್ಲ ಖಾಲಿ ಬಿದ್ದಿರ್ತವೆ. ಭಾನುವಾರ ವಿಮಾನಾನೂ ಕಾಣೆ. ನಾಲ್ಕ್ ಗೋಡೆ ಮಧ್ಯೆ ಮಾಡ್ಕೊಳ್ರಪ್ಪ. ಕುರ್ಚಿ ನಂದು” ಎಂದ. ಮುದ್ರಣದ ಉಪಕರಣ ತರಲು ಕಿರಣ್ ಎಂಬ ಹುಡುಗ ಒಪ್ಪಿದ. ಅವನಿಗೂ ಆ ಒಂದು ದಿನ ಮಾತ್ರ ಬಿಡುವಿತ್ತು. ಸಂಕ್ರಾಂತಿ ಕಳೆದರೆ ಮಂಟಪ ಮತ್ತೆ ಮದುವೆಗಳ ಪಾಲು. ಅಂದು ಆಗದಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು.

ಹಿಂದಿನ ದಿನ ಗೋಡೌನಿನಲ್ಲಿ ಭೂಮಿಕಾ ಚಿಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

“ಚಿಕ್ಕಪ್ಪ, ನೀನು ಹೊಡೆಯೋವರ್ಗೂ ಈ ಊರಲ್ಲಿ ಯಾರೂ ಚಪ್ಪಾಳೆ ಹೊಡೆಯಲ್ಲ. ಸರೀನಾ?”

“ಅದು ನನ್ ಬಾಯಲ್ಲಿ ಹೇಳ್ಬಾರ್ದು.”

“ಮಧ್ಯೆ ಎಲ್ಲಾ ನಿಂತೋಗತ್ತೆ. ಮುಗೀತು ಅಂತ ಅನ್ಸತ್ತೆ. ಮುಗಿದಿರಲ್ಲ. ಆಗ ನಿನ್ ಕೈ ತೊಡೆ ಮೇಲಿರ್ಬೇಕು. ಕೊನೇಲಿ, ನಿಜವಾಗ್ಲೂ ಮುಗಿದಾಗ, ಆರಿಫ್ ಬಲಗೈ ಮೇಲೆತ್ತುತ್ತಾನೆ. ಆಗ ಹೊಡಿ.”

“ಬಲಗೈ ಎತ್ತಿದ್ರೆ ಹೊಡಿ. ಇಲ್ದಿದ್ರೆ ಕೂತ್ಕೋ. ಇಷ್ಟೇ ತಾನೇ?” ಎಂದ ನಾಗರಾಜ. ಆಮೇಲೆ ನನ್ನ ಕಡೆ ತಿರುಗಿ, “ನೋಡಿ ಅತ್ತಿಗೆ, ಇಷ್ಟ್ ವರ್ಷ ಚಪ್ಪಾಳೆ ಹೊಡ್ಸಿದ್ದೆ. ಈಗ ಚಪ್ಪಾಳೆ ಕಾಯೋ ಕೆಲ್ಸ ಕೊಟ್ಟವ್ಳೆ ನಿಮ್ಮ ಮಗಳು” ಎಂದ. ಆ ಮಾತಿನಲ್ಲಿ ಹೆಮ್ಮೆ ಇತ್ತು.

ಭಾನುವಾರ ಮಂಟಪ ತುಂಬಿತು. ಅರ್ಧ ಜನ ಕಪ್ಪು ಟೀ ಶರ್ಟಿನ ಹುಡುಗ ಹುಡುಗಿಯರು. ಇನ್ನರ್ಧ ನಮ್ಮ ಬಂಧುಬಳಗ, ಹಳೆಯ ಊರಿನವರು, ರೇಷ್ಮೆ ಸೀರೆ, ಮಲ್ಲಿಗೆ ಹೂವು. ಬಾಗಿಲಲ್ಲಿ ನಮ್ಮ ಯಜಮಾನರು ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುತ್ತಿದ್ದರು. ಉದ್ದ ಕೂದಲಿನ ಒಬ್ಬ ಹುಡುಗ ಅದೇನೆಂದು ತಿಳಿಯದೆ ನಿಂತ, ಆಮೇಲೆ ತಲೆ ಬಗ್ಗಿಸಿದ. ಕುರ್ಚಿಗಳಿಗೆಲ್ಲ ನಾಗರಾಜ ಬಿಳಿ ಗವಸು ಹಾಕಿಸಿ ಹಿಂದೆ ಕೆಂಪು ರಿಬ್ಬನ್ ಕಟ್ಟಿಸಿದ್ದ. ಗಂಡು ಹೆಣ್ಣು ಕೂರುವ ಜಾಗದಲ್ಲಿ ಡ್ರಮ್ಸ್ ಇತ್ತು.

“ಭೂಮಿಕಾ ಅಂತೂ ಮಂಟಪ ಏರಿದ್ಲು. ಹುಡುಗ ಎಲ್ಲಿ?” ಎಂದು ನನ್ನ ನಾದಿನಿ ಕೇಳಿದರು.

“ಮೂರ್ ಜನ ಅವ್ರಲ್ಲಕ್ಕ, ಆರಿಸ್ಕೋ” ಎಂದ ನಾಗರಾಜ. ವೇದಿಕೆಯ ಮೇಲಿದ್ದ ಮೂವರೂ ಒಟ್ಟಿಗೆ ತಂತಿಗಳ ಕಡೆ ಬಗ್ಗಿದರು.

ಆರಿಫ್‌ನ ತಾಯಿ ನನ್ನ ಪಕ್ಕದಲ್ಲಿ ಕೂತರು. ನಾವು ಅವರನ್ನು ಅಮ್ಮೀ ಎಂದೇ ಕರೆಯುವುದು. ಮುಂಚೆ ಒಂದೆರಡು ಸಲ ನೋಡಿದ್ದೆ. ಎಲ್ಲರಿಗೂ ಊಟಕ್ಕೆಂದು ಒಂದು ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ ತಂದಿದ್ದರು. ಕೂತ ಕ್ಷಣದಿಂದ ಫೋನು ಹಿಡಿದು ಚಿತ್ರೀಕರಣ ಶುರು ಮಾಡಿದರು.

ಮೊದಲ ಮೂರು ಹಾಡು ಚೆನ್ನಾಗಿ ನಡೆದವು. ನಾಗರಾಜ ಮೂರಕ್ಕೂ ಸರಿಯಾದ ಹೊತ್ತಿಗೆ ಹೊಡೆದ, ಸಭೆ ಹಿಂದೆಯೇ ಹೋಯಿತು. ‘ಕೆರೆ’ ಶುರುವಾಗುವ ಮೊದಲು ಅವನು ಎದ್ದು ಹೋಗಿ ಮಂಟಪದ ಫ್ಯಾನುಗಳನ್ನೆಲ್ಲ ಆರಿಸಿದ. ಹಳೆಯ ಫ್ಯಾನುಗಳ ಗರಗರ ಸದ್ದು ಮೌನದೊಳಗೆ ಬೀಳಬಾರದೆಂದು ಅದು ಅವನದೇ ಯೋಚನೆ. ಬಂದು ಕೂತು, ಎರಡೂ ಕೈಯನ್ನು ತೊಡೆಯ ಮೇಲಿಟ್ಟು, ಆರಿಫ್‌ನ ಮೇಲೆ ಕಣ್ಣು ನೆಟ್ಟ.

ಮಳೆ ಬಂತು, ಕೆರೆ ತುಂಬಿತು. ಸೆಖೆ ಏರಿತು. ವೇದಿಕೆಯ ದೀಪದ ಕೆಳಗೆ ನಾಲ್ವರೂ ಬೆವರಿನಲ್ಲಿ ನೆನೆದಿದ್ದರು. ಎರಡನೆಯ ಭಾಗದ ತುದಿಯಲ್ಲಿ ಎಲ್ಲ ವಾದ್ಯ ಒಟ್ಟಿಗೆ ನಿಂತವು.

ಅಂಥ ಮೌನವನ್ನು ನಾನು ಜನ ತುಂಬಿದ ಮಂಟಪದಲ್ಲಿ ಕೇಳಿರಲಿಲ್ಲ. ಮಕ್ಕಳೂ ಉಸಿರು ಹಿಡಿದಿದ್ದರು. ಹಳೆಯ ಊರಿನವರೆಲ್ಲ ನಾಗರಾಜನ ಕೈ ನೋಡುತ್ತಿದ್ದರು, ಅವನ ಕೈ ತೊಡೆಯ ಮೇಲಿತ್ತು. ಭೂಮಿಕಾಳ ಕಡ್ಡಿಗಳು ಗಾಳಿಯಲ್ಲಿ ನಿಂತಿದ್ದವು.

ಆಗ ನಾಗರಾಜ ಚಪ್ಪಾಳೆ ಹೊಡೆದ.

ಮರುಕ್ಷಣವೇ ಇಡೀ ಮಂಟಪ ಹೊಡೆಯಿತು. ನಾನೂ ಹೊಡೆದೆ. ಕೀಬೋರ್ಡಿನ ಹಿಂದೆ ಆರಿಫ್ ಕಣ್ಣು ಮುಚ್ಚಿಕೊಂಡ. ಗಿಟಾರಿನ ಹುಡುಗನೊಬ್ಬ ತಲೆಯ ಮೇಲೆ ಕೈ ಹೊತ್ತ. ಅದನ್ನು ನೋಡಿ ನಾಗರಾಜನಿಗೆ ಏನಾಯಿತೆಂದು ಗೊತ್ತಾಯಿತು. ಅವನ ಎರಡು ಅಂಗೈಗಳೂ ನಡುವೆ ಸ್ವಲ್ಪ ಜಾಗ ಬಿಟ್ಟು ಹಾಗೆಯೇ ನಿಂತುಬಿಟ್ಟವು. ಅವನ ಕೈ ನಿಂತದ್ದರಿಂದ ಸಭೆಯೂ ನಿಂತಿತು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೂಲೆಯಲ್ಲಿ ಕಿರಣ್‌ನ ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು.

ಭೂಮಿಕಾ ಒಂದು ಕಡ್ಡಿಯನ್ನು ನೇರವಾಗಿ ಚಿಕ್ಕಪ್ಪನ ಕಡೆ ಚಾಚಿದಳು. ಬೈಯುತ್ತಾಳೆಂದುಕೊಂಡೆ.

“ಚಿಕ್ಕಪ್ಪಾ, ಎತ್ತಿಕೋ!” ಎಂದು ಕೂಗಿದಳು.

ಅವನಿಗೆ ಅರ್ಥವಾಗಲಿಲ್ಲ. ಮಂಟಪದ ಹಿಂದೆ ಗೋಡೆಗೊರಗಿ ನಿಂತಿದ್ದ ಅವನ ಕೆಲಸಗಾರರಿಗೆ ಅರ್ಥವಾಯಿತು. ಅವರಲ್ಲೊಬ್ಬ, “ಎತ್ತಿಕೋ, ಮಡ್ಚು, ಜೋಡ್ಸು” ಎಂದ. ಉಳಿದವರು ದನಿಗೂಡಿಸಿದರು. ಆಗ ನಾಗರಾಜನ ಕೈ ತಾನಾಗಿ ಹೊರಟಿತು. ‘ಎತ್ತಿಕೋ’ಗೆ ಒಂದು ಏಟು, ‘ಮಡ್ಚು’ಗೆ ಒಂದು, ‘ಜೋಡ್ಸು’ಗೆ ಒಂದು. ಅವನು ಕೂತಲ್ಲಿಂದ ಎದ್ದು ನಿಂತು ಸಭೆಯ ಕಡೆ ತಿರುಗಿದ. ಹಳೆಯ ಊರು ಅವನ ಹಿಂದೆ ಬಂತು, ಅದರ ಹಿಂದೆ ಕಪ್ಪು ಟೀ ಶರ್ಟುಗಳು ಬಂದವು. ಮಂಟಪಕ್ಕೆ ಮಂಟಪವೇ ಏಳು ಮಾತ್ರೆಯಲ್ಲಿ ಕುರ್ಚಿ ಮಡಿಸತೊಡಗಿತು. ನನ್ನ ನಾದಿನಿ ಬಳೆ ಮೇಲಕ್ಕೆ ಸರಿಸಿಕೊಂಡು ಹೊಡೆಯುತ್ತಿದ್ದರು.

ಭೂಮಿಕಾ ಆ ಚಪ್ಪಾಳೆಯ ಅಡಿಯಿಂದ ಮೆಲ್ಲಗೆ ಡ್ರಮ್ಸ್ ಎಬ್ಬಿಸಿದಳು. ಗಿಟಾರುಗಳು ಒಂದೊಂದಾಗಿ ಸೇರಿದವು. ಆರಿಫ್ ಮಾತ್ರ ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದ. ಭೂಮಿಕಾ ಅವನನ್ನೇ ನೋಡುತ್ತ ಸುತ್ತಿನ ಮೇಲೆ ಸುತ್ತು ಬಾರಿಸಿದಳು, ಕಾದಳು. ಕೊನೆಗೆ ಅವನೂ ಕೈ ಇಟ್ಟ. ಕೋಡಿ ಬಿತ್ತು.

ನಿಜವಾಗಿ ಮುಗಿದಾಗ ಆರಿಫ್ ಬಲಗೈ ಎತ್ತಿದ. ನಾಗರಾಜ ಹೊಡೆಯಲಿಲ್ಲ. ಜನ ಅವನಿಗಾಗಿ ಕಾಯಲೂ ಇಲ್ಲ. ಹಾಗೆ ಆದದ್ದನ್ನು ನಾನು ಮೊದಲ ಸಲ ನೋಡಿದೆ.

ಊಟದ ಹೊತ್ತಿಗೆ ಜಗಳ ಶುರುವಾಯಿತು.

“ನನ್ನ ಮೌನ ಎಲ್ಲಿ ಭೂಮಿ?” ಎಂದ ಆರಿಫ್. ಅವನ ಕಣ್ಣು ಕೆಂಪಾಗಿತ್ತು.

“ಮಚ್ಚಾ, ಟೆನ್ಷನ್ ಮಾಡ್ಕೋಬೇಡ” ಎಂದ ಕಿರಣ್. “ಬೆಳಗ್ಗೆ ರಿಹರ್ಸಲ್ ರೆಕಾರ್ಡ್ ಮಾಡಿದೀನಿ. ಆ ಮೌನ ಕತ್ತರಿಸಿ ಇಲ್ಲಿ ಕೂರಿಸ್ತೀನಿ. ಚಪ್ಪಾಳೆ ಎತ್ತಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಇಲ್ಲಿ ಕೂತಿದ್ದವರಿಗೆಲ್ಲ ಗೊತ್ತಾಗತ್ತೆ” ಎಂದಳು ಭೂಮಿಕಾ. “ಸರಿ ಮಾಡಲ್ಲ ಅಂತ ಮಾತಾಡಿದ್ವಿ.”

“ನಮ್ಮ ತಪ್ಪಾದ್ರೆ ಸರಿ ಮಾಡಲ್ಲ ಅಂತ ಮಾತಾಡಿದ್ವಿ. ಇದು ನಮ್ಮ ತಪ್ಪಾ? ಅಂಕಲ್‌ಗೆ ಅಷ್ಟ್ ಹೇಳಿದ್ವಲ್ಲ ಗುರು!” ಎಂದ ಆರಿಫ್.

ಅಂಕಲ್ ಊಟಕ್ಕೆ ಬಂದಿರಲಿಲ್ಲ. ಹುಡುಕಿಕೊಂಡು ಹೋದೆ. ಖಾಲಿಯಾದ ಸಭಾಂಗಣದಲ್ಲಿ ಒಬ್ಬನೇ ಗವಸು ಬಿಚ್ಚಿ ಕುರ್ಚಿ ಮಡಿಸುತ್ತಿದ್ದ. ಬಾಯಲ್ಲಿ ಆ ಮಾತಿರಲಿಲ್ಲ, ಲಯವೂ ಇರಲಿಲ್ಲ.

“ಅತ್ತಿಗೆ, ನಾನು ರೆಪ್ಪೆ ಬಡೀಲಿಲ್ಲ. ಅವ್ನು ಕೈ ಎತ್ತಿದ. ಬಲಗೈನೇ” ಎಂದ.

ಆರಿಫ್‌ನನ್ನು ಕೇಳಿದೆ. “ನಾನು ಅಲ್ಲಾಡೇ ಇಲ್ಲ ಆಂಟಿ” ಎಂದ. ಇಬ್ಬರೂ ಸುಳ್ಳು ಹೇಳುವವರಲ್ಲ. ಎರಡು ಹೇಳಿಕೆ ಇತ್ತು, ಆ ಕ್ಷಣ ಆರಿಫ್‌ನ ಕೈ ನೋಡಿದೆ ಎನ್ನುವ ಮೂರನೆಯ ಸಾಕ್ಷಿ ಸಿಗಲಿಲ್ಲ. ಡೆಸ್ಕಿನಲ್ಲಾಗಿದ್ದರೆ ಆ ಸುದ್ದಿಯನ್ನು ತಡೆಹಿಡಿಯುತ್ತಿದ್ದೆ.

ಮುಂದಿನ ದಿನಗಳಲ್ಲಿ ನಾಗರಾಜ ನಮ್ಮ ಮನೆಯ ಕಡೆ ಬರಲಿಲ್ಲ. ಬೇಕರಿಯ ಮುಂದೆ ನಿಂತರೆ ಯಾರಾದರೂ, “ಏನ್ ನಾಗಣ್ಣ, ಅವತ್ತು ಅಷ್ಟು ಅರ್ಜೆಂಟಾ?” ಎನ್ನುತ್ತಿದ್ದರಂತೆ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕುರ್ಚಿ ಕಳಿಸಿದ, ತಾನು ಹೋಗಲಿಲ್ಲ. ಅಲ್ಲಿ ಮಕ್ಕಳ ಕುಣಿತ ಮುಗಿದ ಮೇಲೆ ಸಭೆ ತುಂಬ ಹೊತ್ತು ಸುಮ್ಮನಿತ್ತೆಂದು ಕೆಲಸಗಾರರು ಬಂದು ಹೇಳಿದರು. ಇತ್ತ ತಂಡದಲ್ಲಿಯೂ ಮಾತು ನಿಂತಿತ್ತು. ಮೌನ ಅಂಟಿಸದೆ ಬಿಡುಗಡೆ ಬೇಡ ಎಂದು ಆರಿಫ್, ಅಂಟಿಸಿದರೆ ತನ್ನ ಹೆಸರು ತೆಗೆಯಿರಿ ಎಂದು ಭೂಮಿಕಾ.

ಸಂಕ್ರಾಂತಿಯ ಮರುದಿನ ನಾನು ಆರ್.ಟಿ. ನಗರಕ್ಕೆ ಹೋದೆ. ಅಮ್ಮೀಯ ಬಿರಿಯಾನಿ ಪಾತ್ರೆ ನಮ್ಮಲ್ಲೇ ಉಳಿದಿತ್ತು. ಬರಿಯ ಪಾತ್ರೆ ಹೇಗೆ ಕೊಡುವುದೆಂದು ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ತುಂಬಿಕೊಂಡು ಹೋಗಿದ್ದೆ. ಅಮ್ಮೀ ಚಹಾ ಕೊಟ್ಟು ಪಕ್ಕದಲ್ಲಿ ಕೂತು ಫೋನು ತೆಗೆದರು.

“ಪೂರಾ ಪ್ರೋಗ್ರಾಂ ತೆಗ್ದಿದೀನಿ, ನೋಡಿ” ಎಂದರು.

ಪೂರಾ ಕಾರ್ಯಕ್ರಮ ಅದರಲ್ಲಿ ಇರಲಿಲ್ಲ, ಪೂರಾ ಆರಿಫ್ ಇದ್ದ. ಮೊದಲಿನಿಂದ ಕೊನೆಯವರೆಗೆ ಪರದೆಯ ತುಂಬ ಮಗನೊಬ್ಬನೇ. ನನ್ನ ಮಗಳ ಒಂದು ಮೊಣಕೈ ಆಗಾಗ ಅಂಚಿನಲ್ಲಿ ಬಂದು ಹೋಗುತ್ತಿತ್ತು, ಅಷ್ಟೇ. ನಾನು ‘ಕೆರೆ’ಯ ನಡುಭಾಗಕ್ಕೆ ಹೋಗಲು ಹೇಳಿದೆ. ವಾದ್ಯಗಳು ನಿಂತವು. ಆರಿಫ್ ನಿಂತಿದ್ದಾನೆ. ಮುಖದಿಂದ ಬೆವರು ಇಳಿಯುತ್ತಿದೆ. ಕನ್ನಡಕ ಮೂಗಿನ ತುದಿಗೆ ಜಾರಿತು. ಅವನ ಬಲಗೈ ಮೇಲೆದ್ದು ಕನ್ನಡಕವನ್ನು ತಳ್ಳಿ, ಕೆಳಗೆ ಬಂತು. ಚಪ್ಪಾಳೆ ಬಿತ್ತು.

ಒಳಗೆ ಮಲಗಿದ್ದ ಆರಿಫ್‌ನನ್ನು ಕರೆಸಿದೆವು. ಅವನು ಒಮ್ಮೆ ನೋಡಿದ. ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದ. ಆ ಕೈ ತನ್ನದೆಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ನಂಗೆ ಗೊತ್ತೇ ಆಗಿಲ್ಲ ಆಂಟಿ” ಎಂದ.

“ಕನ್ನಡಕ ಟೈಟ್ ಮಾಡ್ಸೋ, ಮಾಡ್ಸೋ ಅಂತ ಬಡ್ಕೊಂಡೆ. ನೀನು ಬೇಡ ಅಂತ, ನಕ್ಕೋ ಅಮ್ಮೀ, ನಕ್ಕೋ ಅಮ್ಮೀ ಅಂದೆ” ಎಂದರು ಅವರು. “ಪಾಪ, ಆ ನಾಗಣ್ಣಂದು ಏನು ತಪ್ಪು? ಎದ್ದೇಳು, ಮುಖ ತೊಳ್ಕೋ.”

ಆರಿಫ್ ಮುಖ ತೊಳೆದುಕೊಂಡ. ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರವಾಗಿ ಯಲಹಂಕದ ಗೋಡೌನಿಗೆ ಬಂದ. ನಾಗರಾಜ ಪೆಂಡಾಲಿನ ಬಟ್ಟೆ ಮಡಿಸುತ್ತಿದ್ದವನು ನಮ್ಮನ್ನು ನೋಡಿ ಎದ್ದ. ಆರಿಫ್ ಅಮ್ಮೀಯ ಫೋನು ತೋರಿಸಿದ. ನಾಗರಾಜ ಕನ್ನಡಕ ಹಾಕಿಕೊಂಡು ನೋಡಿದ.

“ಬಲಗೈ” ಎಂದ.

“ಹೌದು ಅಂಕಲ್.”

“ಅಂದ್ರೆ ನಾನು ಹೊಡೆದಿದ್ದು ಸರಿಯಾದ್ ಟೈಮಿಗೇ.”

“ಸರಿಯಾದ್ ಟೈಮಿಗೇ ಅಂಕಲ್. ತಪ್ಪು ನಂದು. ಅವತ್ತು ಏನೇನೋ ಅಂದೆ, ಸಾರಿ.”

“ಬಿಡೋ. ಫ್ಯಾನ್ ಆರ್ಸಿದ್ದು ನಾನೇ ಅಲ್ವೇನೋ” ಎಂದ ನಾಗರಾಜ. ಆಮೇಲೆ ಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, “ಲೋ, ಮೂರ್ ಟೀ ಹೇಳ್ರೋ” ಎಂದು ಕೂಗಿದ.

ಅದೇ ವಾರ ಕಿರಣ್‌ನ ಕೋಣೆಯಲ್ಲಿ ಎಲ್ಲರೂ ಸೇರಿ ಮುದ್ರಣವನ್ನು ಮೊದಲ ಸಲ ಪೂರ್ತಿ ಕೇಳಿದೆವು. ವಾದ್ಯಗಳು ನಿಂತ ಮೇಲೆ, ಚಪ್ಪಾಳೆ ಬೀಳುವ ಮುಂಚೆ, ಮೌನ ಇತ್ತು. ಬರೆದಿದ್ದಷ್ಟು ಉದ್ದ ಇರಲಿಲ್ಲ, ಆದರೂ ಇತ್ತು. ಕಿರಣ್ ಬೆಳಗಿನ ರಿಹರ್ಸಲಿನ ಮೌನವನ್ನೂ ಹಾಕಿ ತೋರಿಸಿದ. ಅದು ಉದ್ದವಾಗಿತ್ತು, ಖಾಲಿ ಮಂಟಪದ ಮೌನವಾಗಿತ್ತು. ವ್ಯತ್ಯಾಸ ನನ್ನಂಥವಳ ಕಿವಿಗೂ ತಿಳಿಯಿತು. ಜನರಿದ್ದೂ ಯಾರೂ ಉಸಿರಾಡದ ಮೌನ ಬೇರೆಯೇ.

ಆರಿಫ್ ನನ್ನ ಕಡೆ ನೋಡಿದ. “ಆಂಟಿ, ನಿಮ್ಮ ಪೇಪರಿನಲ್ಲಾದ್ರೆ ಏನ್ ಮಾಡ್ತಿದ್ರಿ?”

“ಭಾಷಣದ ಮಧ್ಯೆ ಚಪ್ಪಾಳೆ ಬಿದ್ರೆ ಮಧ್ಯದಲ್ಲೇ ಬರೀತೀವಪ್ಪ. ಕೊನೆಗೆ ಒಯ್ಯಲ್ಲ” ಎಂದೆ.

ಅವನು ಆ ಭಾಗವನ್ನು ಇನ್ನೊಮ್ಮೆ ಹಾಕಿಸಿದ. “ನೀರು ನಿಂತಿದೆ” ಎಂದ. ಚಪ್ಪಾಳೆ ಬಿದ್ದಾಗ, “ಯಾರೋ ಕಲ್ಲು ಎಸೆದ್ರು” ಎಂದ. ಕೆಲಸಗಾರರ ದನಿ ಎದ್ದಾಗ ಅವನ ಪಾದ ನೆಲಕ್ಕೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಕಿರಣ್‌ಗೆ, “ಏನೂ ಮುಟ್ಬೇಡ ಮಗಾ” ಎಂದ.

ಆಲ್ಬಮ್ ಆ ವರ್ಷದ ಆಷಾಢದಲ್ಲಿ ಆನ್‌ಲೈನಿನಲ್ಲಿ ಬಿಡುಗಡೆಯಾಯಿತು. ಹೆಸರು ‘ಧನುರ್ಮಾಸ’. ಬಿಡುಗಡೆ ಸಮಾರಂಭ ಎಂದು ಬೇರೆ ಮಾಡಲಿಲ್ಲ. ಗೋಡೌನಿನಲ್ಲಿ ಶಾಮಿಯಾನದ ಗಂಟುಗಳ ಮೇಲೆ ಕೂತು ಎಲ್ಲರೂ ಒಟ್ಟಿಗೆ ಕೇಳಿದೆವು. ತಮ್ಮ ದನಿ ಬಂದಾಗ ಕೆಲಸಗಾರರು ಒಬ್ಬರ ಬೆನ್ನ ಮೇಲೊಬ್ಬರು ಗುದ್ದಿಕೊಂಡರು. ನಾಗರಾಜ ತನ್ನ ಏಟು ಬಂದಾಗ, “ಇದು ನಂದು” ಎಂದು ಪಕ್ಕದವರಿಗೆಲ್ಲ ಹೇಳಿದ, ಯಾರಿಗೂ ಗೊತ್ತಿಲ್ಲವೇನೋ ಎಂಬಂತೆ.

ಕೇಳಿದ ಅಪರಿಚಿತರು ತಂಡಕ್ಕೆ ಬರೆಯತೊಡಗಿದರು. ಹೆಚ್ಚಿನವರು ಕೇಳುತ್ತಿದ್ದುದು ‘ಕೆರೆ’ಯ ನಡುವಿನ ಆ ‘ಎತ್ತಿಕೋ’ ಸಾಲಿನ ಬಗ್ಗೆಯೇ. ಅದು ಯಾವ ಕಡೆಯ ಜನಪದ ಹಾಡು ಎಂದು ಒಬ್ಬರು ವಿಚಾರಿಸಿದ್ದರು. ‘ಜನಪದ ಅಲ್ಲ, ಕುರ್ಚಿ ಮಡಿಸುವ ಮಾತು. ನಮ್ಮ ಚಿಕ್ಕಪ್ಪನ ಗೋಡೌನಿನದು’ ಎಂದು ಭೂಮಿಕಾ ಉತ್ತರಿಸಿದಳು. ಆ ಉತ್ತರವನ್ನು ಅವಳು ಅಡುಗೆಮನೆಗೆ ಬಂದು ನನಗೆ ಓದಿ ಹೇಳಿದಳು. ಮಗಳು ಚೆನ್ನಾಗಿ ನುಡಿಸುತ್ತಾಳೆಂಬ ಹೆಮ್ಮೆ ನನಗೆ ಮೊದಲಿನಿಂದಲೂ ಇತ್ತು. ಮುನ್ನೂರು ಜನರ ಎದುರಿಗೆ ತನ್ನವನೊಬ್ಬನ ಕೈ ತಪ್ಪಿ ನಿಂತಾಗ, ಕಡ್ಡಿ ಚಾಚಿ ಆ ಕೈಯನ್ನು ಮತ್ತೆ ನಡೆಸಿದಳಲ್ಲ, ಆ ಹೆಮ್ಮೆ ಬೇರೆ. ಅದು ಇಂದಿಗೂ ಇಳಿದಿಲ್ಲ.

ಮುಂದಿನ ಧನುರ್ಮಾಸದಲ್ಲಿ, 2025ರ ಜನವರಿಯ ಒಂದು ಭಾನುವಾರ, ‘ಕೋಡಿ’ ಅದೇ ಮಂಟಪದಲ್ಲಿ ಮತ್ತೆ ‘ಕೆರೆ’ ನುಡಿಸಿತು. ಈ ಸಲ ಗೊತ್ತಿಲ್ಲದ ಮುಖಗಳೇ ಹೆಚ್ಚು. ಫ್ಯಾನು ಆರಿಸಿದ್ದರು. ಈಗ ಆ ಚಪ್ಪಾಳೆಯೂ ರಚನೆಯ ಭಾಗವಾಗಿತ್ತು: ಮೌನ ಪೂರ್ತಿ ಮುಗಿದ ಮೇಲೆ ಆರಿಫ್ ಬಲಗೈ ಎತ್ತಬೇಕು, ಆಗ ನಾಗರಾಜ ಶುರು ಮಾಡಬೇಕು. ಎರಡನೆಯ ಭಾಗ ಮುಗಿದು ವಾದ್ಯಗಳು ನಿಂತ ತಕ್ಷಣ, ಆಲ್ಬಮ್ ಕೇಳಿ ಬಂದಿದ್ದವರು ಹಿಂದಿನ ಸಾಲುಗಳಲ್ಲಿ “ಎತ್ತಿಕೋ” ಎಂದು ಶುರು ಮಾಡಿದರು. ಮೊದಲ ಸಾಲಿನಲ್ಲಿದ್ದ ನಾಗರಾಜ ಎದ್ದು ಹಿಂದಕ್ಕೆ ತಿರುಗಿದ.

“ಶ್! ಸುಮ್ನಿರ್ರಪ್ಪ! ಅವ್ನು ಇನ್ನೂ ಕೈ ಎತ್ತಿಲ್ಲ!”

ಮಂಟಪ ಸ್ತಬ್ಧವಾಯಿತು. ನಾಗರಾಜ ಕೂತು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಆರಿಫ್ ಬರೆದಿದ್ದ ಮೌನ ಅಂದು ಮೊದಲ ಬಾರಿಗೆ, ಬರೆದಿದ್ದಷ್ಟೂ ಉದ್ದ, ಜನ ತುಂಬಿದ ಸಭೆಯಲ್ಲಿ ನಡೆಯಿತು. ಅದರ ಕೊನೆಯಲ್ಲಿ ಅವನು ಬಲಗೈ ಎತ್ತಿದ. ಕನ್ನಡಕ ಮೂಗಿನ ಮೇಲೆ ಸರಿಯಾಗಿಯೇ ಇತ್ತು. ನಾಗರಾಜ ಚಪ್ಪಾಳೆ ಹೊಡೆದ.